ಸೋಲರಿಯದ ಸಂಶೋಧಕರು

ನಮ್ಮ ಪದವಿ ಕಾಲೇಜುಗಳಲ್ಲಿ ಇದುವರೆಗೆ ಒಂದೇ ಒಂದು ಪ್ರಯೋಗ ಸೋತ ದಾಖಲೆಯಿಲ್ಲ. ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಅಮೆರಿಕದಲ್ಲಿ ಮೈಕೆಲ್ಸನ್, ಮೋರ್ಲಿ ಅಂತ ಇಬ್ಬರಿದ್ದರು. 1887ರಲ್ಲಿ ಬೆಳಕಿನ ಅಲೆಗಳನ್ನು ಹೊರುತ್ತದೆಂದು ನಂಬಿದ್ದ ಈಥರ್ ಹುಡುಕಲು ಹೊರಟು, ಏನೂ ಸಿಗದೆ, ಸಿಗಲಿಲ್ಲ ಅಂತಲೇ ಬರೆದು ಅಚ್ಚು ಹಾಕಿಸಿಬಿಟ್ಟರು. ಅಂಥ ಮಾನಗೇಡಿ ಕೆಲಸವನ್ನು ನಮ್ಮ ಬಿ.ಎಸ್ಸಿ. ಮಕ್ಕಳು ಎಂದೂ ಮಾಡಿದವರಲ್ಲ. ಬೇವಿನೆಲೆ ಕುದಿಸಿ ಸೋಸಿ, ಸಿಲ್ವರ್ ನೈಟ್ರೇಟ್ ಬೆರೆಸಿದರೆ ದ್ರಾವಣ ಕಂದು ಬಣ್ಣಕ್ಕೆ ತಿರುಗಿ ಬೆಳ್ಳಿಯ ನ್ಯಾನೊಕಣ ಬಂದೇ ಬರುತ್ತದೆ. ಬಂದ ಕಣ ಇ. ಕೋಲೈ ಬ್ಯಾಕ್ಟೀರಿಯಾವನ್ನು ಕೊಂದೇ ಕೊಲ್ಲುತ್ತದೆ. ಹೋದ ವರ್ಷ ಬೇವು ಕೊಂದಿತ್ತು, ಅದರ ಹಿಂದಿನ ವರ್ಷ ತುಳಸಿ. ಈ ವರ್ಷ ದೊಡ್ಡಪತ್ರೆ, ಮುಂದಿನ ವರ್ಷಕ್ಕೆ ನುಗ್ಗೆಸೊಪ್ಪು ಬುಕ್ ಆಗಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಬೇರುಸಮೇತ ಕಿತ್ತೊಗೆದವರು ನಮ್ಮ ರಸಾಯನಶಾಸ್ತ್ರ ವಿಭಾಗದವರು.

ಪರಿಸರ ವಿಜ್ಞಾನದವರು ಬೆಳ್ಳಂದೂರು ಕೆರೆಯ ನೀರು ತಂದು ಪಿಎಚ್ ಅಳೆದು, ಕೆರೆ ಕಲುಷಿತವಾಗಿದೆ ಎಂದು ಕಂಡುಹಿಡಿಯುತ್ತಾರೆ. ನೊರೆ ರಸ್ತೆಗೆ ಹಾರಿದ್ದನ್ನೂ ಕೆರೆಗೆ ಬೆಂಕಿ ಹೊತ್ತಿದ್ದನ್ನೂ ಕಣ್ಣಾರೆ ಕಂಡ ಊರಿನವರು ಇದನ್ನು ಮೂಗಿನಿಂದಲೇ ಕಂಡುಹಿಡಿದಿದ್ದರು. ಆದರೆ ಮೂಗಿಗೆ ಗೈಡ್ ಇರಲಿಲ್ಲ.

ಕಂಪ್ಯೂಟರ್ ವಿಭಾಗದ ಸಾಧನೆ ಇನ್ನೂ ದೊಡ್ಡದು. ಹೃದಯ ಕಾಯಿಲೆಯನ್ನು ಮೊದಲೇ ಹೇಳಿಬಿಡುವ ಪ್ರಾಜೆಕ್ಟು ಪ್ರತಿ ಕಾಲೇಜಿನಲ್ಲಿ, ಪ್ರತಿ ವರ್ಷ, ಕಡಿಮೆಯೆಂದರೂ ಎರಡು ತಂಡ ಮಾಡುತ್ತವೆ. ಯಾರ ಹೃದಯ? 1980ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿಗೆ ಎದೆ ಹಿಡಿದುಕೊಂಡು ಹೋದ 303 ರೋಗಿಗಳ ಹೃದಯ. ಆ ಪಟ್ಟಿ ಅಂತರ್ಜಾಲದಲ್ಲಿ ಬಿಟ್ಟಿ ಸಿಗುತ್ತದೆ. ಜಯದೇವ ಆಸ್ಪತ್ರೆ ಸಿಟಿ ಬಸ್ಸಿನ ದೂರದಲ್ಲಿದ್ದರೇನು, ನಮ್ಮ ಮಕ್ಕಳು ನಲವತ್ತು ವರ್ಷ ಕಳೆದರೂ ಆ 303 ಅಮೆರಿಕನ್ನರ ಚಿಂತೆಯಲ್ಲೇ ಬಡವಾಗುತ್ತಿದ್ದಾರೆ. ಅವರಲ್ಲಿ ಎಷ್ಟು ಮಂದಿ ಉಳಿದಿದ್ದಾರೋ ತಿಳಿಯದು, ಭವಿಷ್ಯ ಹೇಳುವುದಂತೂ ನಿಂತಿಲ್ಲ. ನಿಖರತೆ 98 ಪರ್ಸೆಂಟಿಗಿಂತ ಕೆಳಗಿಳಿದದ್ದೂ ಇಲ್ಲ. ನೂರಕ್ಕೆ ನೂರು ಬಂದರೆ ಗೈಡೇ ಕರೆದು, "ಸ್ವಲ್ಪ ಇಳಿಸ್ರಪ್ಪಾ, ಡೌಟ್ ಬರುತ್ತೆ" ಅನ್ನುತ್ತಾರೆ. ಮಾರ್ಗದರ್ಶನ ಅಂದರೆ ಇದು.

ಈ ಅಜೇಯ ವಿಜ್ಞಾನದ ತವರು ಟಾಟಾ ಇನ್‌ಸ್ಟಿಟ್ಯೂಟು ಅಂತ ನೀವು ಭಾವಿಸಿದ್ದರೆ ತಪ್ಪು. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿಯಿರಿ. ಧರ್ಮಾಂಬುಧಿ ಕೆರೆ ಹೋಗಿ ಬಸ್ ನಿಲ್ದಾಣ ಬಂದ ಜಾಗ ಅದು. ಅಲ್ಲಿಂದ ಉಪ್ಪಾರಪೇಟೆಯ ಕಡೆ ತಿರುಗಿ. ಫುಟ್‌ಪಾತಿನ ಮೊಬೈಲ್ ಕವರು, ಬೆಲ್ಟು, ಇಯರ್‌ಫೋನುಗಳ ನಡುವೆ ದಾರಿ ಮಾಡಿಕೊಂಡು ಹೋದರೆ ಕೆಳಗೆ ಸೂಟ್‌ಕೇಸ್ ಅಂಗಡಿ, ಮೇಲೆ ಲಾಡ್ಜು, ಎರಡರ ನಡುವೆ ಒಬ್ಬರೇ ಹತ್ತಬಹುದಾದ ಮೆಟ್ಟಿಲು. ಮೆಟ್ಟಿಲ ತುದಿಯಲ್ಲಿ ವಿಜ್ಞಾನ. ಎರಡು ಕಂಪ್ಯೂಟರು, ಒಂದು ಫ್ಯಾನು, ಗೋಡೆಯ ಮೇಲೆ ಐನ್‌ಸ್ಟೈನ್, ಅವನ ಪಕ್ಕಕ್ಕೆ ಊದುಬತ್ತಿ ಸಿಕ್ಕಿಸಿಕೊಂಡ ಲಕ್ಷ್ಮಿ. ಇಬ್ಬರಲ್ಲಿ ಅಂಗಡಿ ನಡೆಸುವವರು ಯಾರೆಂದು ಹೇಳಬೇಕಿಲ್ಲ.

"ಯಾವ ಡೊಮೇನು?"

"ಯಾವ್ದಾದ್ರೂ ಪರ್ವಾಗಿಲ್ಲ ಸಾರ್. ಒರಿಜಿನಲ್ ಆಗಿರ್ಬೇಕಂತೆ."

"ಒರಿಜಿನಲ್‌ಗೆ ರೇಟು ಬೇರೆ."

"ಏನ್ ಸಾರ್ ವ್ಯತ್ಯಾಸ?"

"ಈ ವರ್ಷ ನಿಮ್ ಕಾಲೇಜಲ್ಲಿ ಇನ್ಯಾರಿಗೂ ಕೊಡಲ್ಲ."

ಸ್ವಂತಿಕೆಯ ಬಗ್ಗೆ ಕಾವ್ಯಮೀಮಾಂಸಕರು ಶತಮಾನಗಟ್ಟಲೆ ಒದ್ದಾಡಿದ್ದಾರೆ. ಇಷ್ಟು ಚೊಕ್ಕದಾಗಿ ಅವರಲ್ಲೊಬ್ಬರೂ ಹೇಳಿರಲಿಲ್ಲ.

"ಔಟ್‌ಪುಟ್ ಬರುತ್ತಾ ಸಾರ್?"

"ರಿಸಲ್ಟ್ ಆಗ್ಲೇ ಬಂದಿದೆ ಕಣಪ್ಪಾ. ಪ್ರಾಜೆಕ್ಟ್ ಮಾಡೋದೊಂದು ಬಾಕಿ."

ಕೊಟ್ಟ ಹಣಕ್ಕೆ ಪ್ರೋಗ್ರಾಮು, ರಿಪೋರ್ಟು, ಪಿಪಿಟಿ, ಜೊತೆಗೆ ಅರ್ಧ ದಿನದ ವೈವಾ ತರಬೇತಿ. ಪರೀಕ್ಷಕರು ಕೇಳುವ ಐದು ಪ್ರಶ್ನೆ, ಐದು ಉತ್ತರ. ಆರನೆಯದನ್ನು ಕೇಳಿದರೆ ಏನು ಮಾಡುವುದು ಅಂತ ಹುಡುಗ ಹೆದರಿದರೆ ಅಂಗಡಿಯವನು ನಗುತ್ತಾನೆ. ಪರೀಕ್ಷಕರಿಗೂ ಐದೇ ಗೊತ್ತಿರುವುದು, ಅದನ್ನೂ ಕಳಿಸಿಕೊಟ್ಟವನು ತಾನೇ ಅಂತ ಅವನು ಹೇಳಲು ಹೋಗುವುದಿಲ್ಲ. ವ್ಯಾಪಾರದ ಗುಟ್ಟು.

ಇದೆಲ್ಲ ನಕಲು, ಕಾನೂನು ಇಲ್ಲವೇ ಅಂದಿರಾ? ಇದೆ. 2018ರಲ್ಲಿ ಯುಜಿಸಿ ಕೃತಿಚೌರ್ಯಕ್ಕೆ ತಡೆಯೊಡ್ಡುವ ನಿಯಮಾವಳಿಯನ್ನೇ ತಂದಿತು. ಶೇ. 10ರವರೆಗಿನ ಹೋಲಿಕೆಗೆ ಶಿಕ್ಷೆಯಿಲ್ಲ. 10 ದಾಟಿ 40ರವರೆಗಿದ್ದರೆ ತಿದ್ದಿ ತರಬೇಕು. 60 ದಾಟಿದರೆ ನೋಂದಣಿಯೇ ರದ್ದು. ಇದು ಹೊರಬಿದ್ದಾಗ ಅಂಗಡಿಗಳು ಮುಚ್ಚುತ್ತವೆ ಅಂತ ದಿಲ್ಲಿಯಲ್ಲಿ ಯಾರೋ ನಂಬಿದ್ದಿರಬೇಕು. ಇಲ್ಲಿ ರೇಟ್ ಕಾರ್ಡಿಗೆ ಇನ್ನೊಂದು ಸಾಲು ಸೇರಿತು, ಅಷ್ಟೆ: ಹೋಲಿಕೆ ಇಳಿಸಿಕೊಡಲಾಗುವುದು. ಪದ ಪದವನ್ನೂ ತಿರುಚುವ ತಂತ್ರಾಂಶಕ್ಕೆ ಹಾಕಿದರೆ ಆಯಿತು. ಹೀಗೆ ತಿರುಚಿದ ಪ್ರಬಂಧಗಳನ್ನು ಫ್ರಾನ್ಸಿನ ಗಿಯೋಮ್ ಕಬಾನಾಕ್ ಮತ್ತು ಸಂಗಡಿಗರು 2021ರಲ್ಲಿ ಜಗತ್ತಿನ ಪತ್ರಿಕೆಗಳಿಂದ ಹೆಕ್ಕಿ ಹೆಕ್ಕಿ ತೋರಿಸಿದರು. ಅವುಗಳಲ್ಲಿ ಕೃತಕ ಬುದ್ಧಿಮತ್ತೆ ನಕಲಿ ಪ್ರಜ್ಞೆಯಾಗಿತ್ತು, ಸ್ತನ ಕ್ಯಾನ್ಸರು ಎದೆಯ ಗಂಡಾಂತರವಾಗಿತ್ತು. ನಮ್ಮ ಹುಡುಗರ ರಿಪೋರ್ಟಿನಲ್ಲೂ ಗಂಡಾಂತರವಿರುತ್ತದೆ. ಗೈಡ್ ಅದರ ಮೇಲೆ ಸಹಿ ಹಾಕಿರುತ್ತಾರೆ. ಓದಿ ಸಹಿ ಹಾಕಬೇಕು ಅಂತ ನಿಯಮಾವಳಿಯ ಯಾವ ಪರ್ಸೆಂಟಿನಲ್ಲೂ ಹೇಳಿಲ್ಲವಲ್ಲ.

ಕೊನೆಗೆ ಬೈಂಡಿಂಗು. ಕಪ್ಪು ರೆಕ್ಸಿನ್, ಬಂಗಾರದ ಅಕ್ಷರ. ಮೊದಲ ಪುಟದಲ್ಲಿ ಪ್ರಮಾಣ: ಈ ಸಂಶೋಧನೆ ನನ್ನ ಸ್ವಂತದ್ದು, ಬೇರೆಲ್ಲೂ ಸಲ್ಲಿಸಿದ್ದಲ್ಲ. ಮುಂದಿನ ಪುಟದಲ್ಲಿ ಕೃತಜ್ಞತೆ: ಅಧ್ಯಕ್ಷರು, ಕಾರ್ಯದರ್ಶಿಗಳು, ಪ್ರಾಂಶುಪಾಲರು, ವಿಭಾಗದ ಮುಖ್ಯಸ್ಥರು, ಗೈಡ್, ತಂದೆತಾಯಿ, ಗೆಳೆಯರು, ಭಗವಂತ. ಮೆಟ್ಟಿಲ ತುದಿಯವನ ಹೆಸರೊಂದಿಲ್ಲ. ಇಷ್ಟು ಕೃತಘ್ನ ಪುಟಕ್ಕೆ ಕೃತಜ್ಞತೆ ಎಂಬ ತಲೆಬರಹ.

ಇನ್ನು ಮಂಡನೆ. ಸ್ನಾತಕ ವಿದ್ಯಾರ್ಥಿಗಳ ಸಂಶೋಧನಾ ಸಮ್ಮೇಳನವೆಂದರೆ ಕಾಲೇಜಿಗೆ ಮನೆ ಮದುವೆಯಷ್ಟೇ ಸಂಭ್ರಮ. ಬಾಗಿಲಿಗೆ ಬಾಳೆಕಂದು, ಮುಖ್ಯ ಅತಿಥಿಗೆ ಮೈಸೂರು ಪೇಟ, ಹಣ್ಣಿನ ಬುಟ್ಟಿ. ಬ್ಯಾನರಿನಲ್ಲಿ 'ರಾಷ್ಟ್ರೀಯ ಮಟ್ಟದ' ಎಂದಿರುತ್ತದೆ, ಹೊಸೂರಿನಿಂದ ಇಬ್ಬರು ಹುಡುಗಿಯರು ಬಂದಿರುತ್ತಾರೆ. ಅತ್ತಿಬೆಲೆ ದಾಟಿದರೆ ರಾಷ್ಟ್ರ. ದುಬೈಯಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ವಿಡಿಯೊದಲ್ಲಿ ಶುಭ ಕೋರಿದರೆ ಅದೇ ಬ್ಯಾನರು ಅಂತರರಾಷ್ಟ್ರೀಯವಾಗುತ್ತದೆ. ಇದು ಬರೀ ಆಡಂಬರವಲ್ಲ, ಲೆಕ್ಕ. ಯುಜಿಸಿಯ 2018ರ ನೇಮಕಾತಿ ನಿಯಮದಲ್ಲಿ ರಾಷ್ಟ್ರೀಯ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಿದ ಮೇಷ್ಟರಿಗೆ 3 ಅಂಕ, ದೇಶದೊಳಗಿನ ಅಂತರರಾಷ್ಟ್ರೀಯಕ್ಕೆ 5. ದುಬೈಯವನ ಎರಡು ನಿಮಿಷಕ್ಕೆ ಎರಡು ಅಂಕ.

ದೀಪ ಬೆಳಗಲು ಇಪ್ಪತ್ತು ನಿಮಿಷ, ಮುಖ್ಯ ಅತಿಥಿಯ ಬಾಲ್ಯಕ್ಕೆ ಮುಕ್ಕಾಲು ಗಂಟೆ, ಕಾರ್ಯದರ್ಶಿಗಳ ದೂರದೃಷ್ಟಿಗೆ ಅರ್ಧ ಗಂಟೆ. ಸಂಶೋಧನೆಗೆ ತಲಾ ಏಳು ನಿಮಿಷ, ಪ್ರಶ್ನೋತ್ತರವೂ ಸೇರಿ. ಊಟ ತಣ್ಣಗಾಗುತ್ತದೆಂದು ಪ್ರಶ್ನೋತ್ತರ ಬಿಟ್ಟರೆ ಆರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರೀಕ್ಷೆಗೆಂದು ಒಂದು ಸಮಿತಿ ಮಾಡಿದ್ದರು. ಕೈಬೀಸಿದರೆ ಬೂದಿ ಬರುವುದು ಹೇಗೆ ಅಂತ ಕೇಳಲು ಹೊರಟ ಮನುಷ್ಯ ಇವತ್ತಿದ್ದಿದ್ದರೆ, ಬಟನ್ ಒತ್ತಿದರೆ 98 ಪರ್ಸೆಂಟು ಬರುವುದು ಹೇಗೆ ಅಂತ ಮುಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದರು. ಅವರನ್ನು ಕರೆಯುವಷ್ಟು ದಡ್ಡರು ಆಯೋಜಕರಲ್ಲಿ ಇರುತ್ತಿರಲಿಲ್ಲ ಅನ್ನಿ.

ಎಲ್ಲ ಮುಗಿದ ಮೇಲೆ ಗುಂಪು ಫೋಟೊ. ಕಾಲೇಜುಗಳಿಗೆ ಗ್ರೇಡು ಕೊಡುವ ನ್ಯಾಕ್ ಸಂಸ್ಥೆಯ ಕಡತಕ್ಕೆ ಜಿಯೊಟ್ಯಾಗ್ ಫೋಟೊ ಬೇಕೇ ಬೇಕು. ಅಕ್ಷಾಂಶ, ರೇಖಾಂಶ, ದಿನಾಂಕ, ಗಂಟೆ, ನಿಮಿಷ. ಅಂದು ಆ ಸಭಾಂಗಣದಲ್ಲಿ ಸರಿಯಾಗಿ ನಡೆದ ಅಳತೆ ಅದೊಂದೇ. ಆ ಕಡತವನ್ನು ನೋಡಲು ಬರುವವರ ಅಳತೆಗೋಲಿನ ಮೇಲೂ ಸಂಶೋಧನೆ ನಡೆದಿದೆ, ಆದರೆ ಅದನ್ನು ಮಾಡಿದ್ದು ಸಿಬಿಐ. ಆಂಧ್ರದ ವಿಶ್ವವಿದ್ಯಾಲಯವೊಂದಕ್ಕೆ ಒಳ್ಳೆಯ ಗ್ರೇಡು ಕೊಡಲು ನಗದು, ಚಿನ್ನ, ಮೊಬೈಲು, ಲ್ಯಾಪ್‌ಟಾಪು ಪಡೆದರೆಂಬ ಆರೋಪದ ಮೇಲೆ 2025ರ ಫೆಬ್ರವರಿಯಲ್ಲಿ ನ್ಯಾಕ್ ಪರಿಶೀಲನಾ ತಂಡದವರನ್ನೇ ಬಂಧಿಸಲಾಯಿತು. ನ್ಯಾಕ್ ಕೇಂದ್ರ ಕಚೇರಿ ಇರುವುದು ನಮ್ಮ ಬೆಂಗಳೂರಿನಲ್ಲೇ. ವಿಜ್ಞಾನ ನಗರಿ ಅಂತ ಸುಮ್ಮನೆ ಹೆಸರು ಬಂದದ್ದಲ್ಲ.

ಪ್ರಬಂಧದ ನೆತ್ತಿಯ ಮೇಲೆ ಯಾರ ಹೆಸರು ಮೊದಲು ಬರಬೇಕು? ಇದನ್ನು ತೀರ್ಮಾನಿಸುವ ಸಭೆಗಳು ಪ್ರಯೋಗಕ್ಕಿಂತ ಹೆಚ್ಚು ಹೊತ್ತು ನಡೆಯುತ್ತವೆ, ಅಲ್ಲಿ ಉಂಟಾಗುವ ಶಾಖವೂ ಹೆಚ್ಚು. ಇದಕ್ಕೂ ಯುಜಿಸಿಯ ಗಣಿತವಿದೆ. ವಿಜ್ಞಾನದ ಒಂದು ಪ್ರಬಂಧಕ್ಕೆ 8 ಅಂಕ. ಒಬ್ಬನೇ ಬರೆದರೆ ಎಂಟೂ ಅವನದೇ. ಇಬ್ಬರು ಬರೆದರೆ? ತಲಾ ನಾಲ್ಕು ಅಂತೀರಿ, ಪ್ರೈಮರಿ ಸ್ಕೂಲಿನ ಲೆಕ್ಕ ಅದು. ನಿಯಮದ ಪ್ರಕಾರ ತಲಾ ಶೇ. 70, ಅಂದರೆ 5.6. ಇಬ್ಬರದೂ ಸೇರಿ 11.2. ಐವರು ಬರೆದರೆ ಮುಖ್ಯ ಲೇಖಕರಿಗೆ 70, ಉಳಿದ ನಾಲ್ವರಿಗೆ ತಲಾ 30, ಒಟ್ಟು 15.2. ಎಂಟು ಅಂಕದ ಪ್ರಬಂಧ ಐದು ಕೈ ದಾಟುವಷ್ಟರಲ್ಲಿ ಸುಮಾರು ಎರಡು ಪಟ್ಟಾಗಿದೆ. ವಿದ್ಯೆ ಹಂಚಿದಷ್ಟೂ ಹೆಚ್ಚುತ್ತದೆ ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ, ದಶಮಾಂಶದವರೆಗೂ ನಿಜ. ಹಾಗಾಗಿ ಪ್ರಬಂಧದ ಮೇಲೆ ಗೈಡ್ ಇರುತ್ತಾರೆ, ಮುಖ್ಯಸ್ಥರಿರುತ್ತಾರೆ, ಪ್ರಾಂಶುಪಾಲರಿರುತ್ತಾರೆ, ಮುಂದಿನ ತಿಂಗಳು ಬಡ್ತಿಯ ಸಂದರ್ಶನವಿರುವ ಪಕ್ಕದ ವಿಭಾಗದವರೂ ಇರುತ್ತಾರೆ. ವಿದ್ಯಾರ್ಥಿಗೆ ಈ ಅಂಕಗಳಿಂದ ಕಿಲುಬು ಕಾಸಿನ ಉಪಯೋಗವಿಲ್ಲವಾದ್ದರಿಂದ ಅವನನ್ನು ಕೊನೆಯಲ್ಲಿ ನಿಲ್ಲಿಸುತ್ತಾರೆ. ಜಾಗ ಸಾಲದಿದ್ದರೆ 'ಮತ್ತಿತರರು'.

ಮೇಷ್ಟರನ್ನೇ ಹಿಡಿದು ಬಡಿಯುವುದು ಸುಲಭ. ವಾರಕ್ಕೆ ಇಷ್ಟು ಪಾಠ, ಅದರ ಮೇಲೆ ಪರೀಕ್ಷೆ, ಪೇಪರ್ ತಿದ್ದುವುದು, ಚುನಾವಣಾ ಕೆಲಸ, ಕಡತ. ಸರ್ಕಾರಿ ಕಾಲೇಜುಗಳಲ್ಲಿ ಪಾಠ ಮಾಡುವ ಸಾವಿರಾರು ಅತಿಥಿ ಉಪನ್ಯಾಸಕರಿಗೆ ಮುಂದಿನ ವರ್ಷ ತಾವೇ ಅತಿಥಿಗಳಾಗಿ ಇರುತ್ತೇವೋ ಇಲ್ಲವೋ ಗೊತ್ತಿಲ್ಲ. 2023ರ ಕೊನೆಯಲ್ಲಿ ಅವರು ತರಗತಿ ಬಿಟ್ಟು ಬೀದಿಗಿಳಿದದ್ದೂ ಅದಕ್ಕೇ. ಹದಿನೈದು ತಂಡಕ್ಕೆ ಒಬ್ಬ ಗೈಡ್, ಕೆಟ್ಟು ನಿಂತ ಸ್ಪೆಕ್ಟ್ರೋಫೋಟೊಮೀಟರು, ಬೀಗ ಹಾಕಿದ ಸ್ಟೋರ್ ರೂಮು. ಇವರ ಕೈಗೆ ಮೂಲ ಸಂಶೋಧನೆ ಮಾಡಿಸಿ ಅಂತ ಸುತ್ತೋಲೆ ಬಂದರೆ ಅವರೂ ಉಪ್ಪಾರಪೇಟೆಯ ವಿಳಾಸವನ್ನೇ ಮೆಲ್ಲಗೆ ಕಿವಿಯಲ್ಲಿ ಹೇಳುತ್ತಾರೆ.

ಎಲ್ಲರೂ ಆ ಮೆಟ್ಟಿಲು ಹತ್ತುತ್ತಾರೆ ಅಂತಲೂ ಅಲ್ಲ. ಕೆಲವು ಹಟಮಾರಿಗಳು ಮುಂದೆ ನಡೆದು ಎಸ್.ಪಿ. ರಸ್ತೆಗೆ ಹೋಗುತ್ತಾರೆ. ಸೆನ್ಸರು ಚೌಕಾಸಿ ಮಾಡಿ ಕೊಂಡು, ಉಲ್ಟಾ ಜೋಡಿಸಿ ಸುಟ್ಟು, ಮತ್ತೆ ಹೋಗಿ ಕೊಳ್ಳುತ್ತಾರೆ. ಇಂಥವಳೊಬ್ಬಳ ನೀರಾವರಿ ಯಂತ್ರ ಮಂಡನೆಯ ದಿನ ಕೈಕೊಟ್ಟಿತು ಅನ್ನಿ. "ವರ್ಕ್ ಆಗ್ತಿಲ್ವಲ್ಲಮ್ಮಾ" ಅನ್ನುತ್ತಾರೆ ಹೊರಗಿನ ಪರೀಕ್ಷಕರು. ಮೋಟರು ತಿರುಗಲು ಶುರುವಾದಾಗ ಒಮ್ಮೆಲೇ ಕರೆಂಟು ಎಳೆಯುತ್ತದೆ, ವೋಲ್ಟೇಜು ಕುಸಿಯುತ್ತದೆ, ಆರ್ಡುಯಿನೊ ಬೋರ್ಡು ರೀಸೆಟ್ ಆಗುತ್ತದೆ, ಮೋಟರಿಗೆ ಬೇರೆ ಸಪ್ಲೈ ಕೊಡಬೇಕಿತ್ತು ಸಾರ್, ನಿನ್ನೆ ರಾತ್ರಿ ಗೊತ್ತಾಯಿತು ಎಂದು ಅವಳು ವಿವರಿಸುತ್ತಾಳೆ. ಆ ದಿನ ಆ ಕಟ್ಟಡದಲ್ಲಿ ಯಾರಾದರೂ ಆಡಿದ ಭೌತಶಾಸ್ತ್ರ ಅಷ್ಟೇ. ಪರೀಕ್ಷಕರು ಐದು ಅಂಕ ಕಳೆದು, "ಪ್ರಿಪೇರ್ ಆಗಿ ಬರ್ಬೇಕು ಪುಟ್ಟಾ" ಅನ್ನುತ್ತಾರೆ. ಬಹುಮಾನ ಅಂಧರ ಸ್ಮಾರ್ಟ್ ಕೋಲಿಗೆ ಹೋಗುತ್ತದೆ. ಪ್ರತಿ ವರ್ಷ ಹೋಗುವುದು ಅದಕ್ಕೇ. ಆ ಕೋಲು ಹಿಡಿದು ನಡೆದ ಅಂಧರು ಯಾರೆಂದು ತೀರ್ಪುಗಾರರು ವಿಚಾರಿಸಿಲ್ಲ, ಅವರೂ ಕಣ್ಣು ಮುಚ್ಚಿಕೊಂಡೇ ಇದ್ದರು.

ಹುಡುಗರು ಸ್ವಂತ ಬುದ್ಧಿಯಿಂದ ಏನಾದರೂ ಮಾಡಿದ ಉದಾಹರಣೆ ಬೇಕೆನ್ನುವವರಿಗೆ ಸಿ.ವಿ. ರಾಮನ್ ಇದ್ದಾರೆ, ಸಮ್ಮೇಳನದ ಬ್ಯಾನರಿನ ಎಡಮೂಲೆಯಲ್ಲಿ, ಪೇಟ ಕಟ್ಟಿಕೊಂಡು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸ್ಪೆಕ್ಟ್ರೋಮೀಟರಿನಿಂದ ಪ್ರಿಸಮ್ಮಿನ ಕೋನ ಅಳೆಯುವ ಮಾಮೂಲಿ ಪ್ರಯೋಗದಲ್ಲಿ ಅವರಿಗೆ ಬೆಳಕಿನ ಪಟ್ಟಿಗಳು ಎರಡು ಕಡೆ ಸಮನಾಗಿಲ್ಲದ್ದು ಕಾಣಿಸಿತು. ಅದನ್ನು ಬೆನ್ನಟ್ಟಿ ಬರೆದದ್ದು 1906ರ ನವೆಂಬರಿನಲ್ಲಿ ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನಿನಲ್ಲಿ ಅಚ್ಚಾಯಿತು. ವಯಸ್ಸು ಹದಿನೆಂಟು. ಅದೇ ಪ್ರಿಸಮ್ಮು ಇವತ್ತಿಗೂ ನಮ್ಮ ಬಿ.ಎಸ್ಸಿ. ಲ್ಯಾಬಿನಲ್ಲಿದೆ. ಕೋನ 60 ಡಿಗ್ರಿ ಅಂತ ಸೀನಿಯರ್ ರೆಕಾರ್ಡಿನಲ್ಲಿ ಬರೆದಿರುವುದರಿಂದ ಯಾರೂ ಒಳಗೆ ಇಣುಕಿ ನೋಡುವ ಕಷ್ಟ ತೆಗೆದುಕೊಳ್ಳುವುದಿಲ್ಲ. ರಾಮನ್ ಕರಡನ್ನು ಮೊದಲು ತಮ್ಮ ಪ್ರೊಫೆಸರ್ ಜೋನ್ಸರಿಗೇ ಕೊಟ್ಟಿದ್ದರು. ಅವರು ತಿಂಗಳುಗಟ್ಟಲೆ ಇಟ್ಟುಕೊಂಡು ಏನೂ ಹೇಳಲಿಲ್ಲ. ಹುಡುಗ ಕಾದು ಕಾದು ತಾನೇ ಕಳಿಸಿದ. ಲೇಖಕರ ಸ್ಥಾನದಲ್ಲಿ ಒಂದೇ ಹೆಸರು. ಈ ಜೋನ್ಸರನ್ನು ನಾನು ನಿಜವಾಗಿ ಗೌರವಿಸುತ್ತೇನೆ. ಓದಲಿಲ್ಲ, ಸರಿ, ಓದದೆಯೂ ಹೆಸರು ಸೇರಿಸಿಕೊಳ್ಳಬಹುದಿತ್ತು, ಸೇರಿಸಿಕೊಳ್ಳಲಿಲ್ಲ. ಇಂದಿನ ಯಾವ ಸ್ಕ್ರೀನಿಂಗ್ ಕಮಿಟಿಯೂ ಆತನಿಗೆ ಬಡ್ತಿ ಕೊಡುವುದಿಲ್ಲ.

ಅದೇ ರಾಮನ್ 1928ರ ಮಾರ್ಚ್ 16ರಂದು ತಮ್ಮ ಹೊಸ ವಿಕಿರಣದ ಬಗ್ಗೆ ಭಾಷಣ ಮಾಡಿದ್ದು ಇಲ್ಲೇ, ಉಪ್ಪಾರಪೇಟೆಯಿಂದ ಕೆಂಪೇಗೌಡ ರಸ್ತೆ ಹಿಡಿದು ಮೈಸೂರು ಬ್ಯಾಂಕ್ ವೃತ್ತ ದಾಟಿದರೆ ಸಿಗುವ ಸೆಂಟ್ರಲ್ ಕಾಲೇಜಿನಲ್ಲಿ. ಜೊತೆಗೆ ದುಡಿದ ಶಿಷ್ಯ ಕೆ.ಎಸ್. ಕೃಷ್ಣನ್ ಹೆಸರು ನೇಚರ್ ಪತ್ರಿಕೆಗೆ ಕಳಿಸಿದ ಟಿಪ್ಪಣಿಯಲ್ಲಿತ್ತು. ಪರಿಣಾಮಕ್ಕೆ ಇಟ್ಟ ಹೆಸರಿನಲ್ಲಿ ಉಳಿಯಲಿಲ್ಲ, 1930ರ ನೊಬೆಲ್ಲಿನಲ್ಲೂ ಇರಲಿಲ್ಲ. ಶಿಷ್ಯನಾಗಿದ್ದಾಗ ಒಂದು ಲೆಕ್ಕ, ಗೈಡಾದ ಮೇಲೆ ಇನ್ನೊಂದು. ನಮ್ಮ ಕಾಲೇಜುಗಳು ಸಂಪ್ರದಾಯದ ಎರಡನೇ ಭಾಗವನ್ನು ಚಾಚೂ ತಪ್ಪದೆ ಪಾಲಿಸುತ್ತಿವೆ.

ಸರ್ಕಾರಗಳೂ ಕೈಕಟ್ಟಿ ಕೂತಿಲ್ಲ. ಹೊಸ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿ ಮಾಡಿದ ರಾಜ್ಯ ನಮ್ಮದು, 2021ರಲ್ಲಿ. ಪದವಿಗೆ ನಾಲ್ಕನೇ ವರ್ಷ, ಅದರಲ್ಲಿ ಸಂಶೋಧನೆ. ಆರು ಸೆಮಿಸ್ಟರಿನಲ್ಲಿ ಶೇ. 75 ತೆಗೆದವರಿಗೆ ಮಾತ್ರ ಸಂಶೋಧನೆಯ ದಾರಿ ಅಂತ ಯುಜಿಸಿ ಗೆರೆ ಎಳೆಯಿತು. 74 ಬಂದವನಿಗೆ ಕುತೂಹಲ ಹುಟ್ಟಿದರೆ ಅದು ಅವನ ಹಣೆಬರಹ. ಲ್ಯಾಬಿಗೆ ಉಪಕರಣ ಬರುವ ಮೊದಲೇ ಸರ್ಕಾರ ಬದಲಾಯಿತು. ಹೊಸ ಸರ್ಕಾರ ರಾಜ್ಯದ ಶಿಕ್ಷಣ ನೀತಿಗೆಂದು ನೇಮಿಸಿದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿ ಬಂತು, 2024ರ ಮೇ ತಿಂಗಳಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಎಳೆಯ ವಿಜ್ಞಾನಿಗಳನ್ನು ಹೆಕ್ಕಲು 1999ರಿಂದ ನಡೆದು ಬಂದ, ಐಐಎಸ್‌ಸಿ ನೋಡಿಕೊಳ್ಳುತ್ತಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯನ್ನು ಅಷ್ಟರಲ್ಲಿ ಕೇಂದ್ರ ಸರ್ಕಾರ 2022ರಲ್ಲೇ ಮುಗಿಸಿತ್ತು. ಯಾವ ಪತ್ರಿಕೆ ಅಸಲಿ, ಯಾವುದು ಕಾಸಿನದು ಅಂತ ಹೇಳುತ್ತಿದ್ದ ಯುಜಿಸಿ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟು, ಇನ್ನು ನೀವೇ ನೋಡಿಕೊಳ್ಳಿ ಅಂತ ಕಾಲೇಜುಗಳಿಗೆ ಹೇಳಲಾಯಿತು. ಕಾಲೇಜುಗಳು ನೋಡಿಕೊಳ್ಳುತ್ತಿವೆ. ಹೀಗೆ ತೆರೆದು ಮುಚ್ಚಿ, ಮುಚ್ಚಿ ತೆರೆದು, ನಾಲ್ಕೈದು ವರ್ಷದಲ್ಲಿ ನಡೆದ ನಿಜವಾದ ಮೂಲ ಪ್ರಯೋಗವೆಂದರೆ ಇದೊಂದೇ. ಮಾಡಿದವರು ಸರ್ಕಾರದವರು, ಇಲಿಗಳು ನಮ್ಮ ಮಕ್ಕಳು.

ಪದವಿ ಮೂರೇ ವರ್ಷಕ್ಕೆ ನಿಂತರೆ, ಸಂಶೋಧನೆಯ ವರ್ಷವೇ ಹೋದರೆ, ಮೆಟ್ಟಿಲ ತುದಿಯ ಅಂಗಡಿಗೆ ಬಾಗಿಲು ಬೀಳಬೇಕಲ್ಲವೆ? ಅವನು ಬೋರ್ಡಿಗೆ ಹೊಸ ಬಣ್ಣ ಹೊಡೆಸುತ್ತಿದ್ದಾನೆ.

"ಹುಡುಗ್ರು ಕಮ್ಮಿಯಾದ್ರೆ ಕಷ್ಟ ಅಲ್ವೇನಪ್ಪಾ?"

"ಹುಡುಗ್ರದ್ದು ಚಿಲ್ಲರೆ ವ್ಯಾಪಾರ ಸಾರ್," ಅನ್ನುತ್ತಾನೆ, ಪೇಂಟರಿಗೆ ಇನ್ನೂ ದಪ್ಪ ಬರಿ ಅಂತ ಕೈಸನ್ನೆ ಮಾಡುತ್ತಾ. "ಪಿಎಚ್.ಡಿ. ಇದ್ರೇನೇ ಕೆಲಸ ಉಳಿಯೋದು ಅಂತಾರಲ್ಲ, ಈಗ ಹುಡುಗ್ರ ಗೈಡ್‌ಗಳೇ ಬರ್ತಿದಾರೆ."